ಹೆಬ್ಬಾವಿನ ಬಣ್ಣ, ಮನುಷ್ಯನ ಬಯಕೆ

ಮೈಸೂರಿನ ಯಾದವಗಿರಿಯಂಥ ಹಳೆಯ ಬಡಾವಣೆಯಲ್ಲಿ ಮನೆಯ ಕಾಂಪೌಂಡಿನೊಳಗೆ ಹಾವು ಕಾಣಿಸಿಕೊಂಡರೆ ಮೊದಲು ಆಗುವ ಕೆಲಸ, ಹಾವು ಹಿಡಿಯುವವರಿಗೆ ಫೋನ್ ಮಾಡುವುದು. ಕೇರೆಯೇ ಇರಲಿ, ನಾಗರವೇ ಇರಲಿ, ಅದು ಚೀಲ ಸೇರಿ ಊರಾಚೆ ಹೋಗುವವರೆಗೆ ಮನೆಯವರಿಗೆ ನೆಮ್ಮದಿಯಿಲ್ಲ. ತಾನಾಗಿ ಬಂದ ಹಾವನ್ನು ಹೀಗೆ ಸಾಗಹಾಕುವ ನಾಡಿಗೇ ಈಗ ಹಣ ಕೊಟ್ಟು ತರಿಸಿಕೊಳ್ಳುವ ಹಾವುಗಳೂ ಬರುತ್ತಿವೆ.

2023ರ ಸೆಪ್ಟೆಂಬರ್ ಮೊದಲ ವಾರ ಬ್ಯಾಂಕಾಕಿನಿಂದ ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬಂದ ಸಾಮಾನುಗಳಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ ಜೀವಂತವಾಗಿದ್ದ 72 ಹಾವುಗಳು ಸಿಕ್ಕವು. ಅವುಗಳಲ್ಲಿ 17 ಕಾಳಿಂಗ ಸರ್ಪಗಳು. ಉಳಿದ 55 ‘ಬಾಲ್ ಪೈಥಾನ್’ ಎಂಬ ಆಫ್ರಿಕದ ಹೆಬ್ಬಾವುಗಳು. ಜೊತೆಯಲ್ಲಿದ್ದ ಆರು ಕಪುಚಿನ್ ಕೋತಿಗಳು ದಾರಿಯಲ್ಲೇ ಸತ್ತಿದ್ದವು. ಆ 55 ಹೆಬ್ಬಾವುಗಳು ಒಂದೇ ಬಣ್ಣದವಲ್ಲ, ಬೇರೆ ಬೇರೆ ಬಣ್ಣದವು ಎಂಬುದು ಗಮನಿಸಬೇಕಾದ ಸಂಗತಿ. ಇಷ್ಟು ದೂರದ ಹಾವಿಗೆ ಇಲ್ಲಿ ಗಿರಾಕಿ ಹುಟ್ಟಿದ್ದು ಆ ಬಣ್ಣದ ಕಾರಣದಿಂದಲೇ.

ಬಾಲ್ ಪೈಥಾನ್ ನಮ್ಮ ಹೆಬ್ಬಾವಿನ ದಾಯಾದಿ. ಆದರೆ ಗಾತ್ರದಲ್ಲಿ ಬಹಳ ಚಿಕ್ಕದು. ಸಾಮಾನ್ಯವಾಗಿ ಮೂರರಿಂದ ಐದು ಅಡಿ. ವಿಷವಿಲ್ಲ. ಸೆನೆಗಲ್‌ನಿಂದ ಉಗಾಂಡದವರೆಗಿನ ಹುಲ್ಲುಗಾವಲು, ಹೊಲಗದ್ದೆ, ತೆರೆದ ಕಾಡುಗಳಲ್ಲಿ ಇಲಿ ಹಿಡಿದು ಬದುಕುತ್ತದೆ. ಹೆದರಿದರೆ ಕಚ್ಚಲು ಬರುವ ಬದಲು ತಲೆಯನ್ನು ನಡುವೆ ಹುದುಗಿಸಿ ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ‘ಬಾಲ್’ ಎಂಬ ಹೆಸರು ಬಂದದ್ದು ಹಾಗೆ. 1802ರಲ್ಲಿ ಇದನ್ನು ವಿವರಿಸಿದ ಬ್ರಿಟಿಷ್ ವಿಜ್ಞಾನಿ ಜಾರ್ಜ್ ಷಾ, ರಾಜಯೋಗ್ಯ ಎಂಬ ಅರ್ಥದ ‘ರೇಜಿಯಸ್’ ಪದವನ್ನು ಅದರ ವೈಜ್ಞಾನಿಕ ಹೆಸರಿಗೆ ಸೇರಿಸಿದ. ಬೆನಿನ್ ದೇಶದ ವೀಡಾ ಪಟ್ಟಣದಲ್ಲಿ ಈ ಹಾವಿಗೆ ಗುಡಿಯೇ ಇದೆ. ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಹಾಲೆರೆಯುವ ನಮ್ಮ ಜನಕ್ಕೆ ಆ ಭಕ್ತಿ ಅಪರಿಚಿತವೇನಲ್ಲ.

ಕಾಡಿನಲ್ಲಿ ಇದರ ಮೈಬಣ್ಣ ಕಪ್ಪು, ಕಂದು. ಒಣಹುಲ್ಲು, ತರಗೆಲೆಗಳ ನಡುವೆ ಮರೆಯಾಗಲು ಹೇಳಿಮಾಡಿಸಿದ ಬಣ್ಣ. ಆದರೆ ಎಂದೋ ಒಮ್ಮೆ ವಂಶವಾಹಿಯೊಂದರಲ್ಲಿ ಉತ್ಪರಿವರ್ತನೆಯಾಗಿ, ಕಪ್ಪು ಬಣ್ಣ ಕೊಡುವ ಮೆಲನಿನ್ ಇಲ್ಲದ ಮರಿ ಹುಟ್ಟುವುದುಂಟು. ಬಿಳಿ ಮೈ, ಹಳದಿ ಪಟ್ಟೆ, ಕೆಂಪು ಕಣ್ಣು. ಹದ್ದಿನ ಕಣ್ಣಿಗೆ ಬೇಗ ಬೀಳುವ ಇಂಥ ಮರಿ ಕಾಡಿನಲ್ಲಿ ದೊಡ್ಡದಾಗುವುದು ಅಪರೂಪ. ಮನುಷ್ಯನ ಕೈಗೆ ಸಿಕ್ಕರೆ ಆ ದೌರ್ಬಲ್ಯವೇ ಬೆಲೆಯಾಗುತ್ತದೆ.

ಈ ಬೆಲೆಯ ಚರಿತ್ರೆ ಆರಂಭವಾದದ್ದು 1992ರಲ್ಲಿ. ಆ ವರ್ಷ ಅಮೆರಿಕದ ಬಾಬ್ ಕ್ಲಾರ್ಕ್, ಆಫ್ರಿಕದಿಂದ ಬಂದ ಬಿಳಿ ಹಾವೊಂದರ ಸಂತತಿಯಿಂದ ಬಿಳಿ ಮರಿಗಳನ್ನು ಪಡೆದು, ಈ ಬಣ್ಣ ವಂಶಪಾರಂಪರ್ಯವಾಗಿ ಬರುತ್ತದೆಂದು ತೋರಿಸಿದ. ಅಲ್ಲಿಯವರೆಗೆ ಅಗ್ಗದ ಸಾಕುಹಾವಾಗಿದ್ದ ಪ್ರಾಣಿ ರಾತ್ರೋರಾತ್ರಿ ಸಾವಿರಾರು ಡಾಲರಿನ ಸರಕಾಯಿತು. 1997ರಲ್ಲಿ ಪೀಟರ್ ಕಾಲ್, ಅಲ್ಲಲ್ಲಿ ಬಿಳಿ ಬಣ್ಣ ಬಳಿದಂತೆ ಕಾಣುವ ‘ಪೈಬಾಲ್ಡ್’ ತಳಿಯನ್ನೂ, 1999ರಲ್ಲಿ ಕೆವಿನ್ ಮೆಕರ್ಲಿ, ಜೇಡರ ಬಲೆಯಂಥ ಗೆರೆಗಳ ‘ಸ್ಪೈಡರ್’ ತಳಿಯನ್ನೂ ಬೆಳೆಸಿದರು. ಒಂದಕ್ಕೊಂದು ಕೂಡಿಸುತ್ತ ಹೋದಂತೆ ಇಂದು ಬಣ್ಣಗಳ ಜೋಡಣೆ ಸಾವಿರಾರಾಗಿವೆ.

ಬಣ್ಣ ಹೀಗೆ ಮಾಯವಾಗಿ ಮತ್ತೆ ಬರುವುದು ಹೇಗೆ? ಇದು ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಗೊತ್ತಿರುವ ಸಂಗತಿಯೇ. ಹಸಿರು ಮಿಶ್ರಿತ ಹಳದಿ ಗೂಡು ಕಟ್ಟುವ ಮೈಸೂರು ತಳಿಯನ್ನು, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ ಸಿಎಸ್ಆರ್-2 ಎಂಬ ಬಿಳಿ ಗೂಡಿನ ತಳಿಯೊಂದಿಗೆ ಸಂಕರ ಮಾಡಿದರೆ ಬರುವ ಮಿಶ್ರತಳಿ ಗೂಡು ಹಳದಿ. ರಾಮನಗರದ ಮಾರುಕಟ್ಟೆಯಲ್ಲಿ ಇದನ್ನು ರಾಶಿರಾಶಿಯಾಗಿ ಕಾಣಬಹುದು. ಬಿಳಿ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಹಳದಿ ಪ್ರಬಲ ಗುಣವಾದ್ದರಿಂದ ಅದರ ಹಿಂದೆ ಅಡಗಿದೆ. ಹಾವಿನಲ್ಲೂ ಹಾಗೆಯೇ. ಬಿಳಿ ಹಾವನ್ನು ಮಾಮೂಲಿ ಹಾವಿನೊಂದಿಗೆ ಕೂಡಿಸಿದರೆ ಮರಿಗಳೆಲ್ಲ ಮಾಮೂಲಿ ಬಣ್ಣದವೇ. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಬಿಳಿ. ಬಿಳಿ ತಂದೆಗೇ ಮಗಳನ್ನು ಕೂಡಿಸಿದರೆ ಅರ್ಧದಷ್ಟು ಬಿಳಿ.

ಈ ವಿಧಾನವನ್ನು ಭಾರತ ಹಾವಿಗಿಂತ ಮೊದಲೇ ಹುಲಿಯ ಮೇಲೆ ಪ್ರಯೋಗಿಸಿತ್ತು. 1951ರಲ್ಲಿ ರೇವಾದ ಮಹಾರಾಜ ಮಾರ್ತಾಂಡ ಸಿಂಗ್ ಹಿಡಿಸಿದ ‘ಮೋಹನ್’ ಎಂಬ ಬಿಳಿ ಹುಲಿಗೆ ಮಾಮೂಲಿ ಹೆಣ್ಣಿನಲ್ಲಿ ಹುಟ್ಟಿದವೆಲ್ಲ ಮಾಮೂಲಿ ಬಣ್ಣದ ಮರಿಗಳು. ಬಳಿಕ ಅದರ ಮಗಳು ‘ರಾಧಾ’ಳೊಂದಿಗೇ ಕೂಡಿಸಿದಾಗ 1958ರಲ್ಲಿ ನಾಲ್ಕು ಬಿಳಿ ಮರಿಗಳು ಹುಟ್ಟಿದವು. ಮೃಗಾಲಯಗಳಲ್ಲಿ ಜನ ಬೆರಗಿನಿಂದ ನೋಡುವ ಬಿಳಿ ಹುಲಿಗಳ ಹಿಂದೆ ಇರುವುದು ಈ ರಕ್ತಸಂಬಂಧದ ಕೂಟ. ಹಾಗೆ ಕೂಡಿಸಿದಾಗ ಬಣ್ಣದ ಜೊತೆಗೆ ಅಡಗಿದ್ದ ರೋಗಗಳೂ ಹೊರಬರುವ ಸಾಧ್ಯತೆ ಹೆಚ್ಚು.

ಸ್ಪೈಡರ್ ತಳಿಯಲ್ಲಂತೂ ರೋಗ ಬಣ್ಣದೊಂದಿಗೇ ಅಂಟಿಕೊಂಡಿದೆ. ಈ ಹಾವುಗಳ ತಲೆ ಅಲುಗಾಡುತ್ತದೆ, ಕತ್ತು ತಿರುಚಿಕೊಳ್ಳುತ್ತದೆ, ಆಹಾರಕ್ಕೆ ಗುರಿಯಿಟ್ಟು ಎರಗಿದರೆ ಗುರಿ ತಪ್ಪುತ್ತದೆ. ಕಾರಣವೇನೆಂದು ಸ್ಪಷ್ಟವಾದದ್ದು 2022ರಲ್ಲಿ: ಜರ್ಮನಿಯ ಸಂಶೋಧಕರು ಸ್ಕ್ಯಾನ್ ಮಾಡಿ ನೋಡಿದಾಗ, ದೇಹದ ಸಮತೋಲ ಕಾಯುವ ಒಳಗಿವಿಯ ಅಂಗವೇ ವಿರೂಪಗೊಂಡಿತ್ತು. ಅಷ್ಟು ಹೊತ್ತಿಗೆ ಆ ತಳಿ ಮಾರಾಟವಾಗತೊಡಗಿ ಎರಡು ದಶಕ ಕಳೆದಿತ್ತು.

ಅದೇ ವರ್ಷ ಅಮೆರಿಕದ ಮಿಷಿಗನ್‌ನ ಸಂಶೋಧಕರು ಹಾವು ಸಾಕುವವರಿಂದ ಪೊರೆಗಳನ್ನು ತರಿಸಿಕೊಂಡರು. ಹಾವು ಕಳಚಿ ಬಿಸಾಡಿದ ಪೊರೆಯಲ್ಲೇ ಅದರ ಡಿಎನ್ಎ ಉಳಿದಿರುತ್ತದೆ. ಬಿಳಿ ಬಣ್ಣಕ್ಕೆ ಕಾರಣವಾದ ದೋಷ ಅವರಿಗೆ ಸಿಕ್ಕಿದ್ದು ಟೈರೋಸಿನೇಸ್ ಎಂಬ ಕಿಣ್ವದ ವಂಶವಾಹಿಯಲ್ಲಿ. ಮನುಷ್ಯರಲ್ಲಿ ಹುಟ್ಟಿನಿಂದಲೇ ಬಿಳಿಚಿಕೊಂಡಿರುವವರ ಒಂದು ವರ್ಗದಲ್ಲೂ ಕೆಡುವುದು ಇದೇ ವಂಶವಾಹಿ. ಲಕ್ಷಾಂತರ ರೂಪಾಯಿಯ ‘ವಿಶೇಷ’ ಬಣ್ಣವೆಂದರೆ ಕೊನೆಗೆ ಕೆಟ್ಟುನಿಂತ ಒಂದು ಕಿಣ್ವ.

ಅಪರೂಪದ ಈ ವ್ಯಾಪಾರದಲ್ಲಿ ಒಂದು ವಿಪರ್ಯಾಸವಿದೆ. ಅಪರೂಪ ಎಂದು ತಂದವನು ಅದನ್ನು ಮರಿಮಾಡಿಸುತ್ತಾನೆ. ಮರಿ ಕೊಂಡವನೂ ಮರಿಮಾಡಿಸುತ್ತಾನೆ. ಕೆಲವೇ ವರ್ಷಗಳಲ್ಲಿ ಅಪರೂಪದ್ದು ಮಾಮೂಲಾಗುತ್ತದೆ. ಆರಂಭದಲ್ಲಿ ಸಾವಿರಾರು ಡಾಲರ್ ಇದ್ದ ಬಿಳಿ ಹಾವು ಇಂದು ಕೆಲವು ನೂರಕ್ಕೆ ಸಿಗುತ್ತದೆ. ಆದ್ದರಿಂದ ಗಾಳಿ ಬಂದಾಗ ತೂರಿಕೊಳ್ಳುವ ಅವಸರ. ಬೆಲೆ ಬೀಳುವ ಮೊದಲು ಹೊಸ ಬಣ್ಣಕ್ಕೆ ಹೊಸ ಗಿರಾಕಿ, ಹೊಸ ದೇಶ ಬೇಕು. ಸೂಟ್‌ಕೇಸಿನಲ್ಲಿ ಹಾವು ಬೆಂಗಳೂರಿಗೆ ಬರುವುದು ಈ ಅವಸರದಿಂದ. ಮಾಮೂಲಿ ಬಣ್ಣದ ಹಾವಿಗೂ ಬಿಡುವಿಲ್ಲ: 1975ರಿಂದೀಚೆಗೆ ಪಶ್ಚಿಮ ಆಫ್ರಿಕದಿಂದ 30 ಲಕ್ಷಕ್ಕೂ ಹೆಚ್ಚು ಬಾಲ್ ಪೈಥಾನ್‌ಗಳು ರಫ್ತಾಗಿವೆ.

ಭಾರತದ ಕಾನೂನು ಈ ಹಾವಿನತ್ತ ತಿರುಗಿದ್ದು ತಡವಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಮ್ಮ ಹೆಬ್ಬಾವಿಗೆ ರಕ್ಷಣೆ ಕೊಟ್ಟಿತು. ಅದನ್ನು ಹಿಡಿದು ಸಾಕುವುದು ಅಪರಾಧ. ವಿದೇಶಿ ಹೆಬ್ಬಾವು ಅದರ ವ್ಯಾಪ್ತಿಯಲ್ಲಿರಲಿಲ್ಲ. ತರುವಾಗ ಸಿಕ್ಕಿಬಿದ್ದರೆ ಮಾತ್ರ ಕಸ್ಟಮ್ಸ್ ಕಾನೂನಿನ ತೊಡಕು. 2020ರಲ್ಲಿ ಕೇಂದ್ರ ಪರಿಸರ ಸಚಿವಾಲಯ, ಇಂಥ ಪ್ರಾಣಿಗಳನ್ನು ಇಟ್ಟುಕೊಂಡವರು ಸ್ವಯಂಪ್ರೇರಣೆಯಿಂದ ತಿಳಿಸಬೇಕೆಂದು ಕೇಳಿಕೊಂಡಿತು. 2022ರ ತಿದ್ದುಪಡಿ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಜೀವಿಗಳನ್ನೂ ಕಾಯಿದೆಯೊಳಗೆ ತಂದಿತು. ಅವುಗಳ ನೋಂದಣಿಗೆ 2024ರಲ್ಲಿ ನಿಯಮಗಳೂ ಬಂದವು.

ನೋಂದಣಿಯಿಂದ ಮುಗಿಯದ ಪ್ರಶ್ನೆ ಆಯುಷ್ಯದ್ದು. ಬಾಲ್ ಪೈಥಾನ್ ಸಾಕಣೆಯಲ್ಲಿ ಮೂವತ್ತು ವರ್ಷ ಬದುಕಬಲ್ಲದು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದ ಹೆಣ್ಣು ಹಾವೊಂದು 2020ರಲ್ಲಿ ಮೊಟ್ಟೆಯಿಟ್ಟಿತ್ತು. ಬಣ್ಣದ ಬೆಲೆ ಬಿದ್ದುಹೋದ ಮೇಲೂ ಹಾವು ದಶಕಗಳ ಕಾಲ ಉಳಿಯುತ್ತದೆ. ಆಗ ಅದನ್ನು ನೋಡಿಕೊಳ್ಳುವವರು ಯಾರು?

ಬೆಂಗಳೂರಿನಲ್ಲಿ ಸಿಕ್ಕ ಆ ಹಾವುಗಳನ್ನು ಬಂದ ದೇಶಕ್ಕೇ ಹಿಂದಿರುಗಿಸಲಾಯಿತು. ಕಾನೂನಿನ ಪ್ರಕಾರ ಅದು ಸರಿ. ಆದರೆ ಥಾಯ್ಲೆಂಡ್ ಅವುಗಳ ನಾಡಲ್ಲ. ಬಣ್ಣಕ್ಕಾಗಿ ಹುಟ್ಟಿಸಿದ ಹಾವಿಗೆ ಆಫ್ರಿಕದ ಹುಲ್ಲುಗಾವಲೂ ಊರಾಗಲಾರದು. ಅಲ್ಲಿ ಅದರ ಬಣ್ಣವೇ ಅದಕ್ಕೆ ಶತ್ರು. ಯಾದವಗಿರಿಯ ಕಾಂಪೌಂಡಿನಲ್ಲಿ ಹಿಡಿದ ಕೇರೆಯನ್ನು ಚೀಲದಿಂದ ಬಿಟ್ಟರೆ ಅದು ಪೊದೆ ಹುಡುಕಿಕೊಂಡು ಹೋಗುತ್ತದೆ. ಬಿಳಿ ಬಾಲ್ ಪೈಥಾನಿಗೆ ಹೋಗಿ ಸೇರಿಕೊಳ್ಳಲು ಯಾವ ಪೊದೆಯೂ ಇಲ್ಲ.