ಏಮಿ ವುಡ್‌ಫರ್ಡ್-ಫಿಂಡನ್: ಕೃತಿಗಳು

ಏಮಿ ವುಡ್‌ಫರ್ಡ್-ಫಿಂಡನ್ (1860–1919) ಭಾರತವನ್ನು ಇಂಗ್ಲೆಂಡಿನ ಮನೆಮನೆಯ ಪಿಯಾನೊಗೆ ತಂದ ಸಂಗೀತ ಸಂಯೋಜಕಿ. ಹುಟ್ಟಿದ್ದು ಚಿಲಿಯ ವಾಲ್‌ಪರೈಸೊದಲ್ಲಿ. 1890ರ ದಶಕದಲ್ಲಿ ಮುಂಬಯಿಯಲ್ಲಿ ಸೇನಾಧಿಕಾರಿಯೊಬ್ಬರನ್ನು ಮದುವೆಯಾಗಿ ಕೆಲವು ವರ್ಷ ಭಾರತದಲ್ಲಿದ್ದರು.

ಹೆಸರು ಉಳಿದಿರುವುದು ‘ಫೋರ್ ಇಂಡಿಯನ್ ಲವ್ ಲಿರಿಕ್ಸ್’ನಿಂದ. ಪದ್ಯಗಳು ಲಾರೆನ್ಸ್ ಹೋಪ್ ಅವರವು. ಆ ಗಂಡು ಹೆಸರಿನ ಹಿಂದಿದ್ದವರು 1904ರಲ್ಲಿ ಮದರಾಸಿನಲ್ಲಿ ತೀರಿಕೊಂಡ ಕವಯಿತ್ರಿ ಅಡೆಲಾ ನಿಕೋಲ್ಸನ್. ಏಮಿ ಈ ಗೀತಮಾಲೆಯನ್ನು 1902ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಗಾಯಕ ಹ್ಯಾಮಿಲ್ಟನ್ ಅರ್ಲ್ ಹಾಡಿ ಪ್ರಚಾರ ಕೊಟ್ಟ ಮೇಲೆ ಬೂಸಿ ಸಂಸ್ಥೆ ಪ್ರಕಟಣೆಯನ್ನು ಕೈಗೆತ್ತಿಕೊಂಡಿತು. ನಾಲ್ಕರಲ್ಲಿ ‘ಕಾಶ್ಮೀರಿ ಸಾಂಗ್’ ಎಲ್ಲವನ್ನೂ ಮೀರಿಸಿತು. 1923ರಲ್ಲಿ ಚಿತ್ರನಟ ರುಡಾಲ್ಫ್ ವ್ಯಾಲೆಂಟಿನೊ ಕೂಡ ಅದನ್ನು ಧ್ವನಿಮುದ್ರಿಸಿದರು.

ಇಲ್ಲಿ ರಾಗ, ತಾಳಗಳನ್ನು ಹುಡುಕಬಾರದು. ವಸ್ತು ಪೂರ್ವದ್ದು, ಸ್ವರಸಂಯೋಜನೆ ಪೂರ್ತಿ ಪಾಶ್ಚಾತ್ಯ. ಆದರೂ ವಿರಹದ ಮಾತಿಗೆ ತಕ್ಕಂತೆ ಸ್ವರವನ್ನು ಏರಿಸಿ ತಡೆಹಿಡಿಯುವ ಅವರ ಕೌಶಲ ನಿಜವಾದದ್ದು, ಇಂದಿಗೂ ಕೇಳಲು ಯೋಗ್ಯವಾದದ್ದು.

‘ಎ ಲವರ್ ಇನ್ ಡಮಾಸ್ಕಸ್’ (1904), ‘ಆನ್ ಜೇಲಂ ರಿವರ್’ (1905), ಬರ್ಮಾದ ಕಥೆಯುಳ್ಳ ‘ದ ಪಗೋಡಾ ಆಫ್ ಫ್ಲವರ್ಸ್’ (1907) ಇತರ ಗೀತಮಾಲೆಗಳು. ಅವರ ಸಮಾಧಿ ಯಾರ್ಕ್‌ಷೈರಿನ ಹ್ಯಾಂಪ್ಸ್‌ತ್ವೇಟ್‌ನಲ್ಲಿದೆ.