ಕಲ್ಲು, ಇಟ್ಟಿಗೆ, ಕಾಂಕ್ರೀಟು ಕಟ್ಟಡಗಳ ವಿನ್ಯಾಸ ಮತ್ತು ಪರೀಕ್ಷೆ: ಇತಿಹಾಸ

ಕಲ್ಲು-ಇಟ್ಟಿಗೆಯ ಕಟ್ಟಡ ಒತ್ತಡವನ್ನು ಧಾರಾಳವಾಗಿ ತಾಳುತ್ತದೆ, ಎಳೆತಕ್ಕೆ ಬೇಗ ಬಿರಿಯುತ್ತದೆ. ಹಾಗಾಗಿ ಹಳೆಯ ಕಮಾನು, ಗುಮ್ಮಟಗಳ ಭದ್ರತೆ ನಿಂತಿರುವುದು ಕಲ್ಲಿನ ಬಲಕ್ಕಿಂತ ಹೆಚ್ಚಾಗಿ ಆಕಾರದ ಮೇಲೆ. ತೂಗುಬಿಟ್ಟ ಸರಪಳಿಯ ಬಾಗನ್ನು ತಲೆಕೆಳಗು ಮಾಡಿದರೆ ಕಮಾನಿಗೆ ತಕ್ಕ ರೂಪ ಸಿಗುತ್ತದೆಂದು ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲೇ ಕಂಡುಕೊಂಡಿದ್ದ. ಹೇಳಿದ್ದು ಮಾತ್ರ ಅಕ್ಷರಪಲ್ಲಟದ ಒಗಟಿನಲ್ಲಿ. ಅದರ ಉತ್ತರ ಹೊರಬಿದ್ದದ್ದು ಅವನು ತೀರಿಕೊಂಡ ಮೇಲೆ.

ಈ ತತ್ವ ದೊಡ್ಡ ಕಟ್ಟಡವೊಂದರ ತಪಾಸಣೆಗೆ ಒದಗಿದ್ದು ರೋಮಿನಲ್ಲಿ. ಸಂತ ಪೀಟರರ ಚರ್ಚಿನ ಗುಮ್ಮಟದಲ್ಲಿ ಬಿರುಕುಗಳು ಬೆಳೆದು, ಮೂವರು ಗಣಿತಜ್ಞರು ಅದರ ಭದ್ರತೆಯ ಬಗ್ಗೆ ಆತಂಕದ ವರದಿ ಕೊಟ್ಟಿದ್ದರು. 1743ರಲ್ಲಿ ಪೋಪ್ ಕರೆಸಿದ ಪಾದುವಾದ ಜೊವಾನಿ ಪೊಲೇನಿ, ಗುಮ್ಮಟವನ್ನು ಕಿತ್ತಳೆಯ ತೊಳೆಗಳಂತೆ ಬಿಡಿಸಿ ಊಹಿಸಿಕೊಂಡ. ಒಂದು ತೊಳೆಯ ಭಾಗಗಳ ತೂಕಕ್ಕೆ ಅನುಪಾತವಾಗಿ 32 ಗುಂಡುಗಳನ್ನು ದಾರಕ್ಕೆ ಪೋಣಿಸಿ ತೂಗುಬಿಟ್ಟ. ಆ ಬಾಗನ್ನು ತಿರುವಿ ನೋಡಿದಾಗ ಅದು ಗುಮ್ಮಟದ ದಪ್ಪದೊಳಗೇ ಹಾದುಹೋಗುತ್ತಿತ್ತು. ಅಂದರೆ ಬಿರುಕು ಬಿಟ್ಟೂ ಗುಮ್ಮಟ ನಿಲ್ಲಬಲ್ಲದು. ಆದರೂ ಕಬ್ಬಿಣದ ಪಟ್ಟಿಗಳನ್ನು ಬಿಗಿಸುವ ಸಲಹೆಯನ್ನು ಪೊಲೇನಿ ಒಪ್ಪಿದ. ಎಂಜಿನಿಯರಿಗೆ ಒಪ್ಪುವ ಎಚ್ಚರವದು. ಈ ಬಗೆಯ ವಾದಕ್ಕೆ ಗಟ್ಟಿ ಸೈದ್ಧಾಂತಿಕ ಬುನಾದಿ ಕೊಟ್ಟವರು 1960ರ ದಶಕದಲ್ಲಿ ಕೇಂಬ್ರಿಜ್‌ನ ಜಾಕ್ ಹೇಮನ್.

ಕಾಂಕ್ರೀಟಿನ ಕಥೆ ಬೇರೆ. ಕಲ್ಲು ನೆಲದಿಂದ ಸಿದ್ಧವಾಗಿಯೇ ಬರುತ್ತದೆ, ಕಾಂಕ್ರೀಟು ಕೆಲಸದ ಜಾಗದಲ್ಲಿ ಹುಟ್ಟುತ್ತದೆ. ಫ್ರಾನ್ಸಿನ ತೋಟಗಾರ ಜೋಸೆಫ್ ಮೊನಿಯೆ 1867ರಲ್ಲಿ ಕಬ್ಬಿಣದ ಜಾಲರಿ ಹುದುಗಿಸಿದ ಗಿಡದ ತೊಟ್ಟಿಗಳಿಗೆ ಪೇಟೆಂಟ್ ಪಡೆದ. ಹೀಗೆ ಕಬ್ಬಿಣ ಹುದುಗಿಸಿದ ಕಾಂಕ್ರೀಟಿನ ಲೆಕ್ಕಾಚಾರದ ಸೂತ್ರ ಜರ್ಮನಿಯಲ್ಲಿ ರೂಪುಗೊಂಡದ್ದು ಅದಾದ ಸುಮಾರು ಎರಡು ದಶಕಗಳ ಮೇಲೆ. 1901ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇಂಥ ಕಾಂಕ್ರೀಟಿನಿಂದ ಕಟ್ಟುತ್ತಿದ್ದ ಹೋಟೆಲೊಂದು ಕುಸಿದುಬಿತ್ತು. ವಿನ್ಯಾಸದ ಗುಟ್ಟನ್ನು ಪೇಟೆಂಟುದಾರರೇ ಇಟ್ಟುಕೊಳ್ಳುವ ಪದ್ಧತಿಯ ಮೇಲೆ ಸಂಶಯ ಬೆಳೆದು, ಯುರೋಪಿನಲ್ಲಿ ಸಾರ್ವಜನಿಕ ನಿಯಮಾವಳಿಗಳು ಬಂದವು. 1918ರಲ್ಲಿ ಶಿಕಾಗೋದ ಡಫ್ ಏಬ್ರಮ್ಸ್, ಕಾಂಕ್ರೀಟಿನ ಬಲವನ್ನು ಮುಖ್ಯವಾಗಿ ನಿರ್ಧರಿಸುವುದು ನೀರು-ಸಿಮೆಂಟಿನ ಪ್ರಮಾಣವೆಂದು ಪ್ರಯೋಗಗಳಿಂದ ತೋರಿಸಿದ. ಕಲಸುವಾಗ ನೀರು ಜಾಸ್ತಿಯಾಯಿತೆಂದು ಮೇಸ್ತ್ರಿಯನ್ನು ಗದರುವ ಎಂಜಿನಿಯರ ಕೈಯಲ್ಲಿರುವುದು ಇದೇ ಶೋಧನೆ.

ಭಾರತದಲ್ಲಿ ಕಾಂಕ್ರೀಟಿನ ಐಎಸ್ 456 ಸಂಹಿತೆ 1953ರಲ್ಲಿ ಬಂತು. ಅದರಂತೆ 150 ಮಿಲಿಮೀಟರಿನ ಘನಗಳನ್ನು ಎರಕ ಹೊಯ್ದು, 28 ದಿನ ನೀರುಣಿಸಿ, ಯಂತ್ರದಲ್ಲಿ ಒತ್ತಿ ಒಡೆಯುತ್ತಾರೆ. ಎಂ20 ದರ್ಜೆಯ ಕಾಂಕ್ರೀಟು ಎಂದರೆ ಅದರ ಬಲ ಚದರ ಮಿಲಿಮೀಟರಿಗೆ 20 ನ್ಯೂಟನ್. ನೂರರಲ್ಲಿ ಐದಕ್ಕಿಂತ ಹೆಚ್ಚು ಫಲಿತಾಂಶಗಳು ಅದಕ್ಕಿಂತ ಕೆಳಗಿಳಿಯಬಾರದು. ಇಟ್ಟಿಗೆ ಗೋಡೆಗೆ ಹೀಗೆ ಬಿಡಿ ಇಟ್ಟಿಗೆಯ ಪರೀಕ್ಷೆಯೊಂದೇ ಸಾಲದು: ಗಾರೆ ಸೇರಿದ ಗೋಡೆಯ ಬಲ ಇಟ್ಟಿಗೆಯದಕ್ಕಿಂತ ಬಹಳ ಕಡಿಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗ ಬೆಳೆಸಿದ ಸಿಮೆಂಟು ಬೆರೆತ ಮಣ್ಣಿನ ಇಟ್ಟಿಗೆಗಳನ್ನಂತೂ ನೀರಿನಲ್ಲಿ ನೆನೆಸಿಯೇ ಒಡೆದು ನೋಡಬೇಕು, ಒಣಗಿದ ಮಣ್ಣು ತೋರಿಸುವ ಬಲ ಮಳೆಗಾಲದ ಗೋಡೆಯಲ್ಲಿ ಉಳಿಯುವುದಿಲ್ಲ.