ಒಂದು ಸೂರು, ಹಲವು ಒಲೆ

ಅಣ್ಣತಮ್ಮಂದಿರು ಪಾಲಾದ ಮೇಲೂ ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿ ಬಾಳುವುದು ನಮಗೆ ಹೊಸತಲ್ಲ. ಒಲೆ ಹಲವಾದರೂ ಹಿತ್ತಲ ಬಾವಿ ಒಂದೇ. ಬಾವಿಗೆ ಹೋಗುವ ದಾರಿಯನ್ನು ಎಲ್ಲರಿಗೂ ಬಿಡಬೇಕು. ಆ ನೆಪದಲ್ಲಿ ಒಬ್ಬರ ಉಗ್ರಾಣಕ್ಕೆ ಇನ್ನೊಬ್ಬರು ಕಾಲಿಡಬಾರದು. ಗಣಕಯಂತ್ರಗಳ ಜಾಲ ಕಟ್ಟಿದವರಿಗೂ ಇದೇ ತೊಡಕು ಎದುರಾಯಿತು. ಅದನ್ನು ಬಿಡಿಸಿಕೊಂಡ ಬಗೆ ತಿಳಿಯತಕ್ಕದ್ದು.

ಜಾಲದಲ್ಲಿ ಸುದ್ದಿಯು ಪ್ಯಾಕೆಟ್ ಎಂಬ ಸಣ್ಣ ಕಟ್ಟುಗಳಾಗಿ ಸಾಗುತ್ತದೆ. ಕೂಡುದಾರಿಯಲ್ಲಿರುವ ರೌಟರ್ ಅಥವಾ ಸ್ವಿಚ್ ಯಂತ್ರವು ಕಟ್ಟಿನ ವಿಳಾಸ ನೋಡಿ, ತನ್ನ ಮಾರ್ಗಪಟ್ಟಿಯೊಡನೆ ತಾಳೆ ಹಾಕಿ, ಮುಂದಕ್ಕೆ ಕಳುಹಿಸುತ್ತದೆ. ಸಂಸ್ಥೆಗಳು ಇಂಥ ಮಾರ್ಗಗಳನ್ನು ಪರಸ್ಪರ ತಿಳಿಸಿಕೊಳ್ಳಲು ಬಿ.ಜಿ.ಪಿ. ಎಂಬ ಕ್ರಮವುಂಟು. 1989ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಕರ್ಕ್ ಲೌಹೀಡ್ ಮತ್ತು ಯಾಕೋವ್ ರೆಕ್ಟರ್ ಅದರ ಮೊದಲ ರೂಪವನ್ನು ಊಟದ ಮೇಜಿನ ಕೈವಸ್ತ್ರಗಳ ಮೇಲೆ ಗೀಚಿದರೆಂಬುದು ಪ್ರಸಿದ್ಧವಾದ ಸಂಗತಿ.

1996ರಲ್ಲಿ ಪ್ರಕಟವಾದ ಒಂದು ನಿಯಮಪತ್ರವು, 10ರಿಂದ ಮೊದಲಾಗುವ ವಿಳಾಸಗಳೇ ಮುಂತಾದ ಕೆಲವನ್ನು ಯಾವ ಸಂಸ್ಥೆ ಬೇಕಾದರೂ ತನ್ನೊಳಗೆ ಬಳಸಬಹುದೆಂದಿತು. ಪರಿಣಾಮವಾಗಿ, ಒಂದೇ ಯಂತ್ರವನ್ನು ಆಶ್ರಯಿಸಿದ ಇಬ್ಬರು ಗ್ರಾಹಕರಲ್ಲಿ ಒಂದೇ ವಿಳಾಸವಿರುವುದು ಸಾಮಾನ್ಯವಾಯಿತು. ಪಟ್ಟಿ ಒಂದೇ ಆದರೆ ಕಟ್ಟು ಯಾರಿಗೆ ಸೇರಬೇಕು? 1999ರ ಮಾರ್ಚ್‌ನಲ್ಲಿ ಎರಿಕ್ ರೋಸನ್ ಮತ್ತು ಅದೇ ರೆಕ್ಟರ್ 2547ನೆಯ ಪತ್ರದಲ್ಲಿ ಉತ್ತರವಿತ್ತರು: ಒಂದೇ ಯಂತ್ರದೊಳಗೆ ಗ್ರಾಹಕನಿಗೊಂದು ಪ್ರತ್ಯೇಕ ಮಾರ್ಗಪಟ್ಟಿ. ಇದಕ್ಕೆ ವಿ.ಆರ್.ಎಫ್. ಎಂದು ಹೆಸರು. ಇಬ್ಬರು ರಾಮಯ್ಯರನ್ನು ಬೇರ್ಪಡಿಸಲು ಹೆಸರಿನ ಹಿಂದೆ ಊರನ್ನು ಸೇರಿಸುವಂತೆ, 4 ಬೈಟುಗಳ ವಿಳಾಸದ ಮುಂದೆ 8 ಬೈಟುಗಳ ಗುರುತನ್ನೂ ಸೇರಿಸಿದರು.

ಗೋಡೆಯೇನೋ ಎದ್ದಿತು, ಬಾವಿಯ ದಾರಿ? ಅದಕ್ಕೂ ಆ ಪತ್ರದಲ್ಲೇ ಉಪಾಯವಿತ್ತು. ಹೊರಡುವ ಪ್ರತಿ ಮಾರ್ಗಕ್ಕೂ ಒಂದು ಮುದ್ರೆ. ಯಾವ ಮುದ್ರೆಯನ್ನು ಒಳಗೆ ಬಿಟ್ಟುಕೊಳ್ಳಬೇಕೆಂದು ಪ್ರತಿ ಪಟ್ಟಿಗೂ ಒಂದು ಕಟ್ಟಳೆ. ಲೆಕ್ಕಪತ್ರದ ವಿಭಾಗವೂ ಕಾರ್ಖಾನೆಯ ವಿಭಾಗವೂ ಸಾಮಾನ್ಯ ಸೇವಾಕೇಂದ್ರದ ಮುದ್ರೆಯನ್ನು ಒಪ್ಪುತ್ತವೆ. ಕೇಂದ್ರವು ಅವೆರಡರ ಮುದ್ರೆಯನ್ನೂ ಒಪ್ಪುತ್ತದೆ. ಅವು ಮಾತ್ರ ಒಂದನ್ನೊಂದು ಒಪ್ಪುವುದಿಲ್ಲ. ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಹೋಗುವ ದಾರಿಯಂತೆ ಮರಳುವ ದಾರಿಯನ್ನೂ ಹಂಚಬೇಕು. ಇಲ್ಲವಾದರೆ ಪ್ರಶ್ನೆ ತಲಪೀತು, ಉತ್ತರ ಬಾರದು. ಎರಡನೆಯದಾಗಿ, ಇಬ್ಬರ ಮಾರ್ಗಗಳು ಒಂದೇ ಪಟ್ಟಿಗೆ ಇಳಿದಾಗ ಮುಂದಿನ ಗುರುತು ಕಳಚಿಹೋಗುತ್ತದೆ. ಸಮಾನ ವಿಳಾಸಗಳಿದ್ದರೆ ಹಳೆಯ ಗೊಂದಲ ಮರುಕಳಿಸುತ್ತದೆ.

ಹಂಚಿಕೆ ಎಲ್ಲೆ ಮೀರಿದರೆ ಏನಾದೀತೆಂಬುದನ್ನು ಸಂಸ್ಥೆ ಸಂಸ್ಥೆಗಳ ನಡುವಣ ದೊಡ್ಡ ಜಾಲದಲ್ಲಿ ಲೋಕವೇ ಕಂಡಿತು. 2008ರ ಫೆಬ್ರವರಿ 24ರಂದು ಪಾಕಿಸ್ತಾನ್ ಟೆಲಿಕಾಂ, ತನ್ನ ದೇಶದೊಳಗೆ ಯೂಟ್ಯೂಬನ್ನು ತಡೆಯಲು ಹೂಡಿದ ಮಾರ್ಗವೊಂದು ಹೊರಗೆ ಸೋರಿತು. ಮೇಲಿನ ಸಂಸ್ಥೆ ಅದನ್ನು ಪರೀಕ್ಷಿಸದೆ ದಾಟಿಸಿತು. ಸುಮಾರು ಎರಡು ಗಂಟೆಗಳ ಕಾಲ ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ದೊರೆಯದಾಯಿತು.

1999ರ ವಿಧಾನವು 2006ರಲ್ಲಿ ಪರಿಷ್ಕೃತವಾಗಿ, ಇಂದಿಗೂ ಬಳಕೆಯಲ್ಲಿದೆ. ನಮ್ಮ ಬ್ಯಾಂಕು, ಕಚೇರಿಗಳ ವ್ಯವಹಾರಗಳು ಒಂದೇ ತಂತಿಯಲ್ಲಿ ಹರಿದರೂ ಬೆರೆಯದಂತೆ ಇಂಥ ಕಟ್ಟಳೆಗಳು ಕಾಯುತ್ತವೆ. ಯಂತ್ರವು ಬರೆದಿಟ್ಟಂತೆ ನಡೆಯುತ್ತದೆ. ಏನನ್ನು ಹಂಚಬೇಕು, ಏನನ್ನು ಹಂಚಬಾರದು ಎಂಬ ವಿವೇಕ ಬರೆಯುವವನದೇ.